ಟರ್ಬೊ ಕಾರಿಗೆ ಮನೆಯಲ್ಲೇ ಕೋಲ್ಡ್ ಏರ್ ಇಂಟೇಕ್ ಕಟ್ಟುವುದು

ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದ ಟರ್ಬೊ (ಎಂಜಿನ್ನಿನ ಹೊಗೆಯ ರಭಸದಿಂದ ತಿರುಗಿ ಗಾಳಿಯನ್ನು ಒಳಕ್ಕೆ ಒತ್ತುವ ಸಾಧನ) ಇರುವ ಕಾರಿನ ಬಾನೆಟ್ ಎತ್ತಿದಾಗ ಮುಖಕ್ಕೆ ರಾಚುವ ಝಳವನ್ನು ಒಮ್ಮೆ ಗಮನಿಸಿ. ಕಾರಿನೊಂದಿಗೆ ಬಂದ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತುಹಾಕಿ, ಆ ಜಾಗದಲ್ಲಿ ಶಂಕುವಿನಾಕಾರದ ಫಿಲ್ಟರೊಂದನ್ನು ಬಯಲಾಗಿ ಸಿಕ್ಕಿಸಿದರೆ ಎಂಜಿನ್ ಎಳೆದುಕೊಳ್ಳುವುದು ಇದೇ ಗಾಳಿಯನ್ನು. ಸದ್ದು ಜೋರಾಗುತ್ತದೆ, ಟರ್ಬೊ ಸಿಳ್ಳೆ ಕಿವಿಗೆ ಬೀಳುತ್ತದೆ, ಕಾರು ಚುರುಕಾಯಿತೆಂಬ ಭ್ರಮೆಯೂ ಬರುತ್ತದೆ. ಆದರೆ ಒಳಗೆ ಹೋಗುತ್ತಿರುವ ಗಾಳಿ ಮೊದಲಿಗಿಂತ ಬಿಸಿಯಾಗಿರುತ್ತದೆ. ನಾನು ಕಟ್ಟಿದ ಮೊದಲ ಇಂಟೇಕ್, ಅಂದರೆ ಎಂಜಿನ್ನಿಗೆ ಹೊರಗಿನ ಗಾಳಿಯನ್ನು ತರುವ ಫಿಲ್ಟರು ಪೈಪುಗಳ ಜೋಡಣೆ, ಹೀಗೆಯೇ ಇತ್ತು. ಕಾರಿನ ಸೆನ್ಸರುಗಳನ್ನು ಓದುವ ಸ್ಕ್ಯಾನರ್ ಹಚ್ಚಿ ನೋಡಿದ ದಿನವೇ ಅದನ್ನು ಬಿಚ್ಚಿ ಹಳೆಯ ಡಬ್ಬಿಯನ್ನು ಮರಳಿ ಕೂರಿಸಿದೆ. ಫಿಲ್ಟರಿನ ಸುತ್ತ ಕಟ್ಟುವ ಗೋಡೆ ಮತ್ತು ಗಾಳಿಯನ್ನು ಅಳೆಯುವ ಸೆನ್ಸರಿನ ಕೊಳವೆ, ಈ ಎರಡರ ಮೇಲೆ ಇಡೀ ಕೆಲಸ ನಿಂತಿದೆ ಎಂಬುದು ಆಮೇಲೆ ತಿಳಿಯಿತು.

ಲಾಭ ಎಷ್ಟೆಂಬ ಲೆಕ್ಕ

ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ತಾಪದ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.20 ಕಿಲೊಗ್ರಾಂ. ಅದೇ ಗಾಳಿ 50 ಡಿಗ್ರಿಗೆ ಕಾದರೆ ತೂಕ 1.09 ಕಿಲೊಗ್ರಾಮಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಪ್ರತಿ 3 ಡಿಗ್ರಿ ಏರಿಕೆಗೆ ಶೇ 1ರಷ್ಟು ಗಾಳಿ ಕೈತಪ್ಪುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಈ ನಷ್ಟ ನೇರವಾಗಿ ಸಿಲಿಂಡರನ್ನು ತಲುಪುತ್ತದೆ. ಟರ್ಬೊ ಇರುವಲ್ಲಿ ನಡುವೆ ಗಾಳಿಯನ್ನು ಅದುಮುವ ಕಂಪ್ರೆಸರ್ ಮತ್ತು ಅದುಮಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರುವುದರಿಂದ ಲೆಕ್ಕ ಬೇರೆಯಾಗುತ್ತದೆ.

ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸುವ, ಶೇ 70ರ ದಕ್ಷತೆಯ ಕಂಪ್ರೆಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಬಾಯಿಗೆ 25 ಡಿಗ್ರಿಯ ಗಾಳಿ ಬಂದರೆ ಹೊರಬೀಳುವಾಗ ಅದು ಸುಮಾರು 118 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. 55 ಡಿಗ್ರಿಯ ಗಾಳಿ ಬಂದರೆ ಸುಮಾರು 158 ಡಿಗ್ರಿ. ಬಾಯಲ್ಲಿದ್ದ 30 ಡಿಗ್ರಿಯ ಅಂತರ ಬೆನ್ನಲ್ಲಿ 40 ಆಯಿತು. ಹೊರಗಿನ ಹವೆ 25 ಡಿಗ್ರಿ ಇದ್ದು, ಇಂಟರ್‌ಕೂಲರ್ ಈ ಹೆಚ್ಚುವರಿ ಬಿಸಿಯಲ್ಲಿ ಶೇ 70ರಷ್ಟನ್ನು ತೆಗೆದುಹಾಕಿತೆಂದರೆ, ಎಂಜಿನ್ನಿಗೆ ಸಿಗುವ ಗಾಳಿ ಒಂದು ಕಡೆ 53 ಡಿಗ್ರಿ, ಇನ್ನೊಂದು ಕಡೆ 65 ಡಿಗ್ರಿ. ಉಳಿದ ಅಂತರ 12 ಡಿಗ್ರಿ ಮಾತ್ರ, ಅಂದರೆ ಶೇ 4ಕ್ಕಿಂತ ಸ್ವಲ್ಪ ಕಡಿಮೆ. ಒಳ್ಳೆಯ ಇಂಟರ್‌ಕೂಲರ್ ಇರುವ ಕಾರಿನಲ್ಲಿ ತಣ್ಣನೆಯ ಇಂಟೇಕಿನಿಂದ ಪವಾಡವನ್ನು ನಿರೀಕ್ಷಿಸಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಆದರೂ ಪೆಟ್ರೋಲ್ ಎಂಜಿನ್ನಿನಲ್ಲಿ ಆ 12 ಡಿಗ್ರಿ ನಗಣ್ಯವಲ್ಲ. ಗಾಳಿ ಬಿಸಿಯಾದಷ್ಟೂ ನಾಕಿಂಗ್, ಅಂದರೆ ಸಿಲಿಂಡರಿನೊಳಗಿನ ಇಂಧನ ಹಿಡಿತ ತಪ್ಪಿ ಸಿಡಿಯುವುದು, ಹತ್ತಿರವಾಗುತ್ತದೆ. ಅದನ್ನು ತಪ್ಪಿಸಲು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕಿಡಿಯನ್ನು ತಡಮಾಡಿ ಹಚ್ಚುತ್ತದೆ, ಮತ್ತು ಬಿಸಿಲಿನಲ್ಲಿ ಎರಡನೆಯ ಸಲ ಜೋರಾಗಿ ಓಡಿಸಿದಾಗ ಕಾರು ಮಂಕಾದಂತೆ ಅನಿಸುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಲಾಭ ತಡೆಯನ್ನು ಕಡಿಮೆ ಮಾಡುವುದರಲ್ಲಿದೆ. ಫಿಲ್ಟರು, ಡಬ್ಬಿ, ಮಡಿಕೆಯ ಪೈಪುಗಳೆಲ್ಲ ಸೇರಿ 3 ಕಿಲೊಪ್ಯಾಸ್ಕಲ್ ಒತ್ತಡವನ್ನು ನುಂಗಿದರೆ, 100 ಕಿಲೊಪ್ಯಾಸ್ಕಲ್ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ) ಕೊಡಲು ಟರ್ಬೊ 1.99 ಪಟ್ಟಿನ ಬದಲು 2.05 ಪಟ್ಟು ದುಡಿಯಬೇಕಾಗುತ್ತದೆ. ವ್ಯತ್ಯಾಸ ಸಣ್ಣದು. ಆದರೆ ತನ್ನ ಮಿತಿಯ ಅಂಚಿನಲ್ಲಿ ತಿರುಗುತ್ತಿರುವ ಚಿಕ್ಕ ಟರ್ಬೊಗೆ ಅದೂ ಹೊರೆಯೇ.

ಬಿಚ್ಚುವ ಮೊದಲು ಅಳೆಯಿರಿ

ಬಹಳಷ್ಟು ಮಂದಿ ಬಿಟ್ಟುಬಿಡುವ ಹಂತ ಇದು. ಮೊದಲಿಗೆ ಒಬಿಡಿ ಪೋರ್ಟಿಗೆ (ದೋಷ ಪತ್ತೆಗೆಂದು ಕಾರಿನಲ್ಲೇ ಇರುವ ಸಾಕೆಟ್) ಒಂದು ಸಾಧಾರಣ ಸ್ಕ್ಯಾನರ್ ಹಚ್ಚಿ, ಇಂಟೇಕ್ ತಾಪಮಾನವನ್ನು ಮೂರು ಸ್ಥಿತಿಗಳಲ್ಲಿ ಬರೆದಿಟ್ಟುಕೊಳ್ಳಬೇಕು: ಹತ್ತು ನಿಮಿಷ ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟಾಗ, ನಿಧಾನ ಸಂಚಾರದಲ್ಲಿ, ಮತ್ತು ಒಂದೇ ಸಮನೆ ವೇಗವಾಗಿ ಓಡುವಾಗ. ಪ್ರತಿ ಬಾರಿಯೂ ಹೊರಗಿನ ತಾಪವನ್ನು ಪಕ್ಕದಲ್ಲೇ ಬರೆಯಬೇಕು, ಏಕೆಂದರೆ ನಮಗೆ ಬೇಕಾದದ್ದು ಎರಡರ ನಡುವಿನ ಅಂತರ. ಸೆನ್ಸರ್ ಟರ್ಬೊದ ಮೊದಲಿದೆಯೋ ಇಂಟರ್‌ಕೂಲರಿನ ನಂತರ ಇದೆಯೋ ಎಂಬುದನ್ನೂ ನೋಡಿಕೊಳ್ಳಿ. ಎರಡೂ ಕಡೆ ಇರುವ ಕಾರುಗಳಲ್ಲಿ ಎರಡನ್ನೂ ಬರೆದಿಡುವುದು ಮೇಲು. ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಓದನ್ನೂ ಬರೆದಿಡಿ; ಕೊನೆಯಲ್ಲಿ ಹೋಲಿಸಲು ಅದು ಬೇಕು.

ತಡೆಯನ್ನು ಅಳೆಯಲು ಬೇಕಾದ ಉಪಕರಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸುಮಾರು 6 ಮಿ.ಮೀ. ಒಳವ್ಯಾಸದ ಪಾರದರ್ಶಕ ನಳಿಕೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಒಂದು ಹಲಗೆಗೆ ಕಟ್ಟಿ, ಅರ್ಧದವರೆಗೆ ಒಂದು ಹನಿ ಶಾಯಿ ಬೆರೆಸಿದ ನೀರನ್ನು ತುಂಬಬೇಕು. ಒಂದು ತುದಿಯನ್ನು ಗಾಳಿಗೆ ತೆರೆದಿಟ್ಟು, ಇನ್ನೊಂದನ್ನು ಫಿಲ್ಟರ್ ಮತ್ತು ಟರ್ಬೊಗಳ ನಡುವಿನ ಪೈಪಿಗೆ ಜೋಡಿಸಬೇಕು. ಆ ಪೈಪಿನಲ್ಲಿ ನಿಪ್ಪಲ್ (ನಳಿಕೆ ಸಿಕ್ಕಿಸುವ ಸಣ್ಣ ಮೂತಿ) ಇಲ್ಲದಿದ್ದರೆ ಪೈಪನ್ನು ಪೂರ್ತಿ ಕಳಚಿ ತೂತು ಕೊರೆದು, ತೊಳೆದು, ಆಮೇಲೆ ನಿಪ್ಪಲ್ ಕೂರಿಸಬೇಕೇ ಹೊರತು ಕಾರಿನಲ್ಲಿದ್ದಂತೆಯೇ ಕೊರೆಯಬಾರದು. ಎರಡು ಕಾಲುಗಳ ನೀರಿನ ಮಟ್ಟದಲ್ಲಿ 100 ಮಿ.ಮೀ. ಅಂತರ ಬಿದ್ದರೆ ಹೆಚ್ಚುಕಡಿಮೆ 1 ಕಿಲೊಪ್ಯಾಸ್ಕಲ್ ತಡೆ ಇದೆ ಎಂದರ್ಥ. ಎಂಜಿನ್ ನೀರನ್ನು ಎಳೆದುಕೊಳ್ಳದಂತೆ ನಡುವೆ ಒಂದು ಖಾಲಿ ಬಾಟಲಿಯನ್ನು ಜೋಡಿಸಿ, ಮತ್ತು ಮಟ್ಟವನ್ನು ಓದುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೇ ಬಿಡಿ. ಚಾಲಕನ ಕಣ್ಣು ರಸ್ತೆಯ ಮೇಲಿರಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿ ಮೇಲಿನ ಆರ್‌ಪಿಎಂ ತಲುಪಿದಾಗಲೂ ಅಂತರ 150 ಮಿ.ಮೀ. ದಾಟದಿದ್ದರೆ ಮೂಲ ಡಬ್ಬಿ ಎಂಜಿನ್ನಿನ ಉಸಿರು ಕಟ್ಟಿಸುತ್ತಿಲ್ಲ. ಅಂಥ ಕಾರಿನಲ್ಲಿ ಹೊಸ ಫಿಲ್ಟರ್ ಹಾಕಿ, ಡಬ್ಬಿಗೆ ಗಾಳಿ ಬರುವ ನಾಳವನ್ನಷ್ಟೇ ಅಗಲಗೊಳಿಸಿ ಸುಮ್ಮನಾಗುವುದು ಜಾಣತನ ಎಂದು ನನ್ನ ಅಭಿಪ್ರಾಯ. ಅಂತರ 300 ಮಿ.ಮೀ. ಮೀರಿದರೆ ಮುಂದಿನ ಕೆಲಸಕ್ಕೆ ಅರ್ಥವಿದೆ.

ಗಾಳಿಯ ಮೂಲ

ಹೆಡ್‌ಲೈಟಿನ ಹಿಂದಿನ ಮೂಲೆ, ಮುಂಭಾಗದ ಗ್ರಿಲ್ ತೆರಪು, ಫೆಂಡರಿನ ಒಳಜಾಗ, ಇವು ಸಾಮಾನ್ಯವಾಗಿ ಸಿಗುವ ತಂಪು ತಾಣಗಳು. ರೇಡಿಯೇಟರಿನ ಹಿಂದಿನ ಯಾವ ಜಾಗವೂ ಬೇಡ. ವೇಗವಾಗಿ ಓಡುವಾಗ ಗಾಳಿ ತಾನಾಗಿಯೇ ಒಳಗೆ ನುಗ್ಗಿ ಶಕ್ತಿ ಹೆಚ್ಚಿಸುತ್ತದೆ ಎಂಬ ಮಾತಿಗೆ ಮಾರುಹೋಗಬೇಡಿ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಪೂರ್ಣ ಒತ್ತಡ ಸುಮಾರು 0.46 ಕಿಲೊಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಶೇ 0.5ಕ್ಕಿಂತಲೂ ಕಡಿಮೆ.

ಫಿಲ್ಟರನ್ನು ಬಂಪರಿನ ಕೆಳಗೆ ಇಳಿಬಿಟ್ಟರೆ ಗಾಳಿ ತಂಪಾಗಿರುತ್ತದೆ ನಿಜ, ಆದರೆ ನಿಂತ ನೀರಿನಲ್ಲಿ ಕಾರು ಇಳಿದ ಕ್ಷಣ ಎಂಜಿನ್ ಗಾಳಿಯ ಬದಲು ನೀರನ್ನು ಎಳೆಯುತ್ತದೆ. ನೀರು ಅದುಮಿದರೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಳೆಯಲ್ಲಿ ಓಡುವ ಕಾರಿಗೆ ಫಿಲ್ಟರ್ ಮೂಲ ಡಬ್ಬಿಯ ಎತ್ತರಕ್ಕಿಂತ ಕೆಳಗಿಳಿಯಬಾರದು. ಈ ವಿಷಯದಲ್ಲಿ ರಾಜಿ ಇಲ್ಲ.

ಪೈಪಿನ ಅಳತೆ ಮತ್ತು ಸಾಮಗ್ರಿ

ಎರಡು ಲೀಟರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಲೀಟರ್ ಜಾಗವನ್ನು ತುಂಬಿಸಿಕೊಳ್ಳುತ್ತದೆ. ಒಂದು ಬಾರ್ (100 ಕಿಲೊಪ್ಯಾಸ್ಕಲ್) ಬೂಸ್ಟಿನಲ್ಲಿ, ಬಿಸಿಯಿಂದಾಗುವ ನಷ್ಟವನ್ನು ಕಳೆದ ಮೇಲೆ, ಫಿಲ್ಟರಿನ ಕಡೆ ಎಳೆಯುವ ಗಾಳಿ ಸೆಕೆಂಡಿಗೆ ಸುಮಾರು 170 ಲೀಟರ್ ಎಂದಿಟ್ಟುಕೊಳ್ಳಬಹುದು. ಈ ಗಾಳಿ 63 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 54 ಮೀಟರ್ ವೇಗದಲ್ಲಿ ಹರಿದರೆ, 76 ಮಿ.ಮೀ. ಪೈಪಿನಲ್ಲಿ 37 ಮೀಟರ್ ವೇಗದಲ್ಲಿ ಹರಿಯುತ್ತದೆ. ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಒಂದು ಹಂತ ದೊಡ್ಡ ಪೈಪು ಒಳ್ಳೆಯದೇ. ಆದರೆ ಅದು ಟರ್ಬೊದ ಬಾಯಿಗೆ ಬರುವಾಗ ಮೆಟ್ಟಿಲಿನಂತೆ ದಿಢೀರನೆ ಕಿರಿದಾಗದೆ, ಸಿಲಿಕೋನ್ ರೆಡ್ಯೂಸರಿನಲ್ಲಿ ನಿಧಾನವಾಗಿ ಇಳಿಯಬೇಕು. ಬಾಗುಗಳು ಆದಷ್ಟು ಕಡಿಮೆ ಇರಲಿ, ಇರುವ ಬಾಗುಗಳು ಅಗಲವಾಗಿರಲಿ.

ಪೈಪಿಗೆ ಅಲ್ಯೂಮಿನಿಯಂ ಅತ್ಯಂತ ಅನುಕೂಲ. ಲೋಹ ಬಿಸಿಯಾಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಮೀಟರ್ ಉದ್ದದ ಪೈಪನ್ನು ಗಾಳಿ ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ ದಾಟಿಹೋಗುವುದರಿಂದ ಜೋರಾಗಿ ಓಡಿಸುವಾಗ ಪೈಪಿನ ಬಿಸಿ ಅದಕ್ಕೆ ತಗಲುವುದೇ ಇಲ್ಲ ಎನ್ನಬಹುದು. ಐಡಲ್‌ನಲ್ಲಿ ಮಾತ್ರ ತಗಲುತ್ತದೆ. ಮನೆಯ ನೀರಿನ ಪಿವಿಸಿ ಪೈಪು ಅಗ್ಗವಾಗಿ, ಕೈಗೆ ಸುಲಭವಾಗಿ ಸಿಗುತ್ತದೆಂದು ಬಳಸುವವರು ಹಲವರು, ಆದರೆ ಅದು 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ, ಎಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬಳಸಿ ಮಾಡಿದ ಭಾಗಗಳು 60 ಡಿಗ್ರಿಗೇ ಆಕಾರ ಕೆಡುತ್ತವೆ. ಟರ್ಬೊದ ಬಿಸಿ ಬದಿಯ ಸಮೀಪ ಇವೆರಡೂ ಬೇಡ. ಟರ್ಬೊಗೆ ಮೊದಲಿನ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಎಳೆತ. ಆದ್ದರಿಂದ ಉದ್ದನೆಯ ಮೆತ್ತನೆಯ ಹೋಸ್ ಬಳಸಲೇಬೇಕಾದರೆ ಒಳಗೆ ತಂತಿ ಸುರುಳಿ ಇರುವಂಥದ್ದನ್ನೇ ಆರಿಸಬೇಕು.

ಎಂಎಎಫ್ ಸೆನ್ಸರ್

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿ. ಒಳಬರುವ ಗಾಳಿಯನ್ನು ಅಳೆಯಲು ಫಿಲ್ಟರಿನ ಹಿಂದೆ ಕೂರುವ ಎಂಎಎಫ್ (ಮಾಸ್ ಏರ್ ಫ್ಲೋ) ಸೆನ್ಸರಿನೊಳಗೆ ಕಾದ ತಂತಿ ಅಥವಾ ಪದರ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ತೂಕವನ್ನು ಇಸಿಯು ಲೆಕ್ಕ ಹಾಕಿ, ಅದಕ್ಕೆ ತಕ್ಕ ಇಂಧನವನ್ನು ಚಿಮ್ಮಿಸುತ್ತದೆ. ಆದರೆ ಸೆನ್ಸರ್ ಇಡೀ ಪೈಪಿನ ಗಾಳಿಯನ್ನು ಅಳೆಯುವುದಿಲ್ಲ. ತನ್ನ ಮೂತಿಗೆ ತಾಗುವ ಸ್ವಲ್ಪ ಗಾಳಿಯನ್ನು ಮಾತ್ರ ಅಳೆಯುತ್ತದೆ. ಉಳಿದದ್ದೆಲ್ಲ ಅದು ಕೂತ ಕೊಳವೆಯ ವ್ಯಾಸವನ್ನು ನಂಬಿ ಮಾಡಿದ ಗುಣಾಕಾರ. ಆ ಕೊಳವೆ 70 ಮಿ.ಮೀ. ಇದ್ದದ್ದನ್ನು ನಾವು 76 ಮಿ.ಮೀ.ಗೆ ಬದಲಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ 18ರಷ್ಟು ಹೆಚ್ಚಿ, ಅಷ್ಟೇ ಗಾಳಿ ನಿಧಾನವಾಗಿ ಹರಿದು, ಸೆನ್ಸರ್ ಸುಮಾರು ಶೇ 15ರಷ್ಟು ಕಡಿಮೆ ಓದುತ್ತದೆ. ಇಂಧನವೂ ಅಷ್ಟೇ ಕಡಿಮೆಯಾಗುತ್ತದೆ. ಬೂಸ್ಟ್ ತುಂಬಿರುವಾಗ ಪೆಟ್ರೋಲ್ ಎಂಜಿನ್ನಿಗೆ ಇಂಧನದ ಕೊರತೆಯಾದರೆ ಪಿಸ್ಟನ್ ಕರಗುವವರೆಗೂ ಮಾತು ಹೋಗಬಹುದು. ಡೀಸೆಲ್ಲಿನಲ್ಲಿ ಅಪಾಯ ಬೇರೆ ಬಗೆಯದು: ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮತ್ತು ಹೊಗೆಯ ಮಿತಿಯ ಲೆಕ್ಕಗಳು ತಪ್ಪುತ್ತವೆ.

ಹಾಗಾಗಿ ಕಾರಿನೊಂದಿಗೆ ಬಂದ ಸೆನ್ಸರ್ ಕೊಳವೆಯನ್ನೇ ಉಳಿಸಿಕೊಂಡು, ಅದರ ಎರಡೂ ಬದಿಗೆ ಹೊಸ ಪೈಪನ್ನು ಜೋಡಿಸುವುದು ಸುರಕ್ಷಿತ ಮಾರ್ಗ. ಕೊಳವೆ ಡಬ್ಬಿಯ ಮುಚ್ಚಳದೊಂದಿಗೇ ಅಚ್ಚಾಗಿದ್ದರೆ, ಗುಜರಿಯಿಂದ ಅಂಥದೇ ಇನ್ನೊಂದು ಮುಚ್ಚಳ ತಂದು ಕೊಳವೆಯನ್ನು ಕತ್ತರಿಸಿಕೊಳ್ಳಿ; ನಿಮ್ಮ ಮೂಲ ಡಬ್ಬಿ ಹಾಳಾಗದೆ ಉಳಿಯಲಿ. ಸೆನ್ಸರಿನ ಮುಂದೆ ಜಾಲರಿ ಇದ್ದರೆ ಅದನ್ನು ಕೀಳಬಾರದು, ಗಾಳಿಯ ಸುಳಿಯನ್ನು ಅದು ನೇರಗೊಳಿಸುತ್ತದೆ. ಬಾಗಿದ ಪೈಪಿನ ಬೆನ್ನಿಗೇ ಸೆನ್ಸರ್ ಬರದಂತೆ, ಅದಕ್ಕೆ ಮುಂಚೆ ಸಾಧ್ಯವಾದಷ್ಟು ಉದ್ದದ ನೇರ ಪೈಪು ಇರಲಿ. ಬಾಣದ ಗುರುತು ಟರ್ಬೊದ ಕಡೆ ಮುಖ ಮಾಡಿರಬೇಕು. ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳಲ್ಲಿ ಎಣ್ಣೆ ಹೆಚ್ಚಾದರೆ ಅದು ಹಾರಿಬಂದು ತಂತಿಗೆ ಅಂಟಿ ಓದು ತಪ್ಪಿಸುತ್ತದೆ. ಒಣ ಫಿಲ್ಟರೇ ನನ್ನ ಆಯ್ಕೆ. ಎಂಎಎಫ್ ಇಲ್ಲದೆ ಮ್ಯಾನಿಫೋಲ್ಡಿನ ಒತ್ತಡದಿಂದಲೇ ಲೆಕ್ಕ ಹಾಕುವ ಕಾರುಗಳೂ ಇವೆ. ಅವುಗಳ ಒಡೆಯರು ಈ ತಲೆನೋವಿನಿಂದ ಪಾರು.

ಕೊಯ್ಯುವುದು, ತೊಳೆಯುವುದು

ಕಳಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ಮೂಲ ಪೈಪಿಗೆ ಬಂದು ಸೇರುವ ಪ್ರತಿಯೊಂದು ಹೋಸಿನ ಫೋಟೊ ತೆಗೆದುಕೊಳ್ಳಿ. ಎಂಜಿನ್ನಿನ ಒಡಲಿನ ಆವಿಯನ್ನು ತರುವ ಕ್ರ್ಯಾಂಕ್‌ಕೇಸ್ ಬ್ರೀದರ್, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಬೂಸ್ಟನ್ನು ಬಿಡುವ ಬೈಪಾಸ್ ವಾಲ್ವಿನಿಂದ ಮರಳುವ ಗಾಳಿಯ ಹೋಸ್, ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡಿನ ಸಣ್ಣ ನಳಿಕೆ, ಇವೆಲ್ಲಕ್ಕೂ ಹೊಸ ಪೈಪಿನಲ್ಲಿ ಎಂಎಎಫ್ ಮತ್ತು ಟರ್ಬೊಗಳ ನಡುವೆಯೇ ಜಾಗ ಬೇಕು. ಅಳೆದಾದ ಗಾಳಿಯನ್ನು ಬೈಪಾಸ್ ವಾಲ್ವ್ ಹೊರಕ್ಕೆ ಚೆಲ್ಲಿದರೆ ಇಂಧನದ ಲೆಕ್ಕ ತಪ್ಪಿ, ಗೇರ್ ಬದಲಿಸುವಾಗ ಎಂಜಿನ್ ತಡವರಿಸುತ್ತದೆ.

ಪೈಪನ್ನು ನೇರವಾಗಿ ಕೊಯ್ಯಲು ಸುಲಭವಾದ ಉಪಾಯವೊಂದಿದೆ: ಒಂದು ಹಾಳೆಯ ನೇರ ಅಂಚನ್ನು ಪೈಪಿನ ಸುತ್ತ ಸುತ್ತಿ, ಅಂಚು ಅಂಚಿಗೆ ಕೂಡುವಂತೆ ಹೊಂದಿಸಿ, ಆ ಗೆರೆಗುಂಟ ಗುರುತು ಹಾಕಿ. ಸಣ್ಣ ಹಲ್ಲಿನ ಹ್ಯಾಕ್‌ಸಾದಿಂದ ಪೈಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕೊಯ್ದರೆ ಬಾಯಿ ಓರೆಯಾಗುವುದಿಲ್ಲ. ಒಳಹೊರಗಿನ ಅಂಚನ್ನು ಅರದಿಂದ ಉಜ್ಜಿ, ಬೆರಳು ಸವರಿದರೆ ಎಲ್ಲಿಯೂ ಚುಚ್ಚದಂತೆ ಮಾಡಬೇಕು. ಹೋಸ್ ಜಾರದಿರಲು ಪೈಪಿನ ತುದಿಯಲ್ಲಿ ಸಣ್ಣ ಉಬ್ಬು ಬೇಕು. ಈ ಉಬ್ಬು ಮೂಡಿಸುವ ಬೀಡಿಂಗ್ ಯಂತ್ರವಿಲ್ಲದವರು ವೆಲ್ಡಿಂಗಿನವರಿಂದ ಸುತ್ತ ನಾಲ್ಕಾರು ಕಡೆ ಚುಕ್ಕೆ ಹಾಕಿಸಿ ಅರದಿಂದ ನಯಗೊಳಿಸಿಕೊಳ್ಳಬಹುದು. ಹೋಸುಗಳ ನಿಪ್ಪಲ್‌ಗಳನ್ನೂ ಅಲ್ಲೇ ವೆಲ್ಡ್ ಮಾಡಿಸಿ.

ಫಿಲ್ಟರಿನಿಂದ ಹೊರಗಾಳಿಯ ಕಡೆಗಿನ ಭಾಗವನ್ನು ನಾನು ಕೊಳೆ ಬದಿ ಎಂದೂ, ಎಂಜಿನ್ನಿನ ಕಡೆಗಿನದನ್ನು ಶುದ್ಧ ಬದಿ ಎಂದೂ ಕರೆಯುತ್ತೇನೆ. ಶುದ್ಧ ಬದಿಯಲ್ಲಿ ರಿವೆಟ್, ನಟ್, ವಾಷರ್, ಅಂಟಿನ ಮುದ್ದೆ, ಹೀಗೆ ಕಳಚಿಕೊಳ್ಳಬಹುದಾದ ಯಾವುದೂ ಇರಬಾರದು. ಕಂಪ್ರೆಸರ್ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ, ಚಿಕ್ಕ ಟರ್ಬೊಗಳಲ್ಲಿ ಎರಡು ಲಕ್ಷವೂ ದಾಟುತ್ತದೆ. ಆ ವೇಗದಲ್ಲಿ ಅಕ್ಕಿಕಾಳಿನಷ್ಟು ಲೋಹ ತಾಗಿದರೂ ಅದರ ಎಲೆಗಳು ಮುರಿಯುತ್ತವೆ. ವೆಲ್ಡಿಂಗ್ ಮುಗಿದ ಮೇಲೆ ಪೈಪನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ದಾರಕ್ಕೆ ಕಟ್ಟಿದ ಬಿಳಿ ಬಟ್ಟೆಯನ್ನು ಒಳಗಿನಿಂದ ಎಳೆಯಿರಿ. ಮೊದಲ ಎಳೆತದಲ್ಲಿ ಬಟ್ಟೆ ಕಪ್ಪಾಗಿ, ಅದರ ಮೇಲೆ ಹೊಳೆಯುವ ಸೂಕ್ಷ್ಮ ಕಣಗಳು ಕಾಣುತ್ತವೆ. ಬಟ್ಟೆ ಬೆಳ್ಳಗೆ ಬರುವವರೆಗೂ ಎಳೆಯುತ್ತಿರಿ. ನನಗೆ ಏಳು ಸಲ ಬೇಕಾಯಿತು. ಇಷ್ಟೂ ಹೊತ್ತು ಟರ್ಬೊದ ಬಾಯಿಗೆ ಬಟ್ಟೆ ತುರುಕುವ ಬದಲು ಕ್ಲಾಂಪ್ ಹಾಕಿದ ಮುಚ್ಚಳ ಇರಲಿ, ಏಕೆಂದರೆ ತುರುಕಿದ ಬಟ್ಟೆಯನ್ನು ಮರೆತು ಎಂಜಿನ್ ಚಾಲೂ ಮಾಡಿದವರಿದ್ದಾರೆ.

ಡಬ್ಬಿ ಕಟ್ಟುವುದು

ತಗಡಿಗೆ ಕೈ ಹಾಕುವ ಮೊದಲು ರಟ್ಟಿನಲ್ಲಿ ಮಾದರಿ ಮಾಡಿ. ಫಿಲ್ಟರನ್ನು ಅದರ ಜಾಗದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಸುತ್ತಲೂ ಕನಿಷ್ಠ 25 ಮಿ.ಮೀ. ಖಾಲಿ ಜಾಗ ಉಳಿಯುವಂತೆ ರಟ್ಟನ್ನು ಕತ್ತರಿಸಿ, ಮಡಚಿ, ಟೇಪು ಹಚ್ಚುತ್ತ ಹೋಗಬೇಕು. ಎರಡು ಮೂರು ಮಾದರಿ ಹಾಳಾಗುವುದು ಸಹಜ. ರಟ್ಟು ಸರಿಹೊಂದಿದ ಮೇಲೆ ಅದನ್ನು ಬಿಚ್ಚಿ 1.5 ಮಿ.ಮೀ. ಅಲ್ಯೂಮಿನಿಯಂ ತಗಡಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಎರಡು ಮರದ ಪಟ್ಟಿಗಳ ನಡುವೆ ಬಿಗಿದು ಮಡಚಿ, ಮೂಲೆಗಳಿಗೆ ರಿವೆಟ್ ಹೊಡೆಯಬಹುದು. ಇದು ಕೊಳೆ ಬದಿಯಾದ್ದರಿಂದ ರಿವೆಟ್‌ಗೆ ಅಡ್ಡಿಯಿಲ್ಲ.

ಡಬ್ಬಿಯ ಮೇಲಂಚಿಗೆ ಕಾರಿನ ಬಾಗಿಲಿಗೆ ಹಾಕುವಂಥ ರಬ್ಬರ್ ಬೀಡಿಂಗ್ ಹಾಕಿ, ಬಾನೆಟ್ ಮುಚ್ಚಿದಾಗ ಅದೇ ಮುಚ್ಚಳವಾಗುವಂತೆ ಮಾಡುವುದು ಸರಳ. ಬೀಡಿಂಗ್ ಸರಿಯಾಗಿ ಕೂರುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಸೀಮೆಸುಣ್ಣ ಬಳಿದು ಬಾನೆಟ್ ಮುಚ್ಚಿ ತೆಗೆಯಿರಿ; ಬಾನೆಟಿನ ಒಳಮೈ ಮೇಲೆ ಬಿಳಿಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಬಿಸಿಗಾಳಿ ನುಸುಳುತ್ತದೆ. ಎಂಜಿನ್ನಿನ ಕಡೆಯ ಗೋಡೆಯ ಹೊರಮೈಗೆ ಶಾಖ ಪ್ರತಿಫಲಿಸುವ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಡಬ್ಬಿಗೆ ಹೊರಗಿನ ಗಾಳಿಯನ್ನು ತರುವ ನಾಳದ ಬಾಯಿ ಪೈಪಿನ ಬಾಯಿಗಿಂತ ಚಿಕ್ಕದಾಗಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ತಳದ ಮೂಲೆಯಲ್ಲಿ ನೀರು ಬಸಿದುಹೋಗಲು ಒಂದೆರಡು ಸಣ್ಣ ತೂತುಗಳಿರಲಿ.

ಜೋಡಣೆ ಮತ್ತು ಪರೀಕ್ಷೆ

ಡಬ್ಬಿ ಕಾರಿನ ಬಾಡಿಗೆ ಬಿಗಿಯಾಗಿರುತ್ತದೆ, ಟರ್ಬೊ ಎಂಜಿನ್ನಿಗೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ತನ್ನ ಮೌಂಟುಗಳ ಮೇಲೆ ಓಲಾಡುವುದರಿಂದ, ನಡುವೆ ಎಲ್ಲಾದರೂ ಒಂದು ಕಡೆ ಬಳುಕುವ ಸಿಲಿಕೋನ್ ಕಪ್ಲರ್ ಇರಲೇಬೇಕು. ಇಲ್ಲದಿದ್ದರೆ ವೆಲ್ಡ್ ಬಿರುಕು ಬಿಡುತ್ತದೆ. ಪೈಪು ಯಾವುದಕ್ಕೂ ಉಜ್ಜದಂತೆ 15ರಿಂದ 20 ಮಿ.ಮೀ. ಅಂತರ ಬಿಡಿ. ಎಳೆತದ ಬದಿಯಾದ್ದರಿಂದ ಸಾಧಾರಣ ಹೋಸ್ ಕ್ಲಾಂಪ್ ಸಾಕು, ಹೋಸ್ ಕೈಯಿಂದ ತಿರುಗದಷ್ಟು ಬಿಗಿಯಾದರೆ ನಿಲ್ಲಿಸಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮರಳಿ ಜೋಡಿಸುವ ಮೊದಲು ಎಲ್ಲ ಸೆನ್ಸರುಗಳ ಪ್ಲಗ್ ಕೂತಿವೆಯೇ ಎಂದು ನೋಡಿ.

ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಓದಿ. ಅಲ್ಪಾವಧಿ ಮತ್ತು ದೀರ್ಘಾವಧಿ ಟ್ರಿಮ್‌ಗಳ ಮೊತ್ತ ಮೊದಲಿದ್ದದ್ದಕ್ಕೆ ಹತ್ತಿರವೇ ಇದ್ದರೆ ಎಂಎಎಫ್ ಓದು ಸರಿಯಾಗಿದೆ. ಐಡಲ್‌ನಲ್ಲಿ ಮಾತ್ರ ಟ್ರಿಮ್ ಮೇಲೇರಿ, ವೇಗದಲ್ಲಿ ಇಳಿಯುತ್ತಿದ್ದರೆ ಎಂಎಎಫ್ ನಂತರ ಎಲ್ಲೋ ಅಳೆಯದ ಗಾಳಿ ನುಸುಳುತ್ತಿದೆ. ಎಲ್ಲ ಸ್ಥಿತಿಯಲ್ಲೂ ಏರಿದ್ದರೆ ಸೆನ್ಸರೇ ಕಡಿಮೆ ಓದುತ್ತಿರುವ ಸಾಧ್ಯತೆ ಹೆಚ್ಚು. ಸ್ಕ್ಯಾನರಿನಲ್ಲಿ ಪಿ 0171 ಎಂಬ ದೋಷ ಸಂಕೇತ ಬಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿದೆ ಎಂದು ತಿಳಿದು, ಕಾರಣ ಸಿಗುವವರೆಗೆ ಬೂಸ್ಟ್ ಬಳಸದೆ ಓಡಿಸಬೇಕು. ಸೋರಿಕೆ ಹುಡುಕಲು ಉರಿಯುವ ಸ್ಪ್ರೇ ಬಳಸುವ ಹಳೆಯ ರೂಢಿ ಕೆಂಡದಂತೆ ಕಾಯುವ ಟರ್ಬೊದ ಪಕ್ಕದಲ್ಲಿ ಬೇಡವೇ ಬೇಡ. ಇಂಥ ಬದಲಾವಣೆಗೆ ಹೊಗೆ ತಪಾಸಣೆ, ವಿಮೆ ಮತ್ತು ವಾರಂಟಿಯ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ಇಷ್ಟರಲ್ಲಿ ವಿಚಾರಿಸಿಕೊಂಡಿರಬೇಕು.

ನಂತರ ಅದೇ ನೀರಿನ ನಳಿಕೆ, ಅದೇ ಮೂರು ಸ್ಥಿತಿಗಳು, ಸಾಧ್ಯವಾದರೆ ಹೆಚ್ಚುಕಡಿಮೆ ಅದೇ ಹವೆ. ನಿಂತಲ್ಲಿ ತಾಪ ಏರಿದರೂ ಹೊರಟ ಒಂದೆರಡು ನಿಮಿಷಗಳಲ್ಲಿ ಅದು ಹೊರಗಿನ ತಾಪದ ಸಮೀಪಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೀಮೆಸುಣ್ಣದ ಪರೀಕ್ಷೆಗೆ ಮರಳಿ.

ಕೊನೆಯದಾಗಿ, ಫಿಲ್ಟರ್ ದಾಟಿದ ಕೂಡಲೇ ಸಿಗುವ, ಎಂಎಎಫ್‌ಗೆ ಮುಂಚಿನ ಪೈಪಿನ ಒಳಮೈಗೆ ಬೆರಳಗಲದಷ್ಟು ಜಾಗದಲ್ಲಿ ಗ್ರೀಸನ್ನು ತೀರಾ ತೆಳ್ಳಗೆ, ಹೊಳಪು ಮಾತ್ರ ಕಾಣುವಷ್ಟು ಸವರಿಡಿ. ಸುಮಾರು 500 ಕಿ.ಮೀ. ಓಡಿದ ಮೇಲೆ, ಬಿಸಿ ತಣಿವಿಗೆ ಸಡಿಲವಾದ ಕ್ಲಾಂಪುಗಳನ್ನು ಮತ್ತೆ ಬಿಗಿಯುವಾಗ, ಫಿಲ್ಟರ್ ಕಳಚಿ ಆ ಜಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬರಿಯ ಗ್ರೀಸ್ ಬಂದರೆ ಸರಿ. ಬೆರಳುಗಳ ನಡುವೆ ಉಜ್ಜಿದಾಗ ಮರಳು ಕರಕರ ಎಂದರೆ ಫಿಲ್ಟರಿನ ಕುತ್ತಿಗೆ ಪೈಪಿನ ಮೇಲೆ ಸರಿಯಾಗಿ ಕೂತಿಲ್ಲ, ಅದನ್ನು ಸರಿಪಡಿಸುವವರೆಗೆ ಹಳೆಯ ಡಬ್ಬಿಯನ್ನೇ ಹಾಕಿಕೊಂಡು ಓಡಿಸಿ.